ಬಿಳಿ ಚಟ್ನಿ ಮೇಲೆ ಬಿಳಿ ಅಕ್ಷರ

ದಾವಣಗೆರೆ ಬೆಣ್ಣೆ ದೋಸೆಯ ವಿಡಿಯೋ ನೋಡದವರು ಯಾರಿದ್ದಾರೆ? ಕಪ್ಪು ಹೆಂಚಿನ ಮೇಲೆ ಹಿಟ್ಟು ಹುಯ್ಯುವ ಮೊದಲು ವಿಡಿಯೋ ಮೇಲೆ ಹಾಕಿದ ಬಿಳಿ ಬರಹ ಚೆನ್ನಾಗಿ ಕಾಣುತ್ತದೆ. ತಟ್ಟೆಗೆ ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಬಂದು ಕೂತರೆ ಅದೇ ಬರಹ ಮಾಯ. ಅದರಲ್ಲೂ ಮೊದಲು ಹೋಗುವುದು ಒತ್ತಕ್ಷರ. 'ಬೆಣ್ಣೆ'ಯ ಣೆ ಕೆಳಗಿನ ಒತ್ತು ಸಣ್ಣದು, ಗೆರೆ ತೆಳು.

ಪೋಸ್ಟರಿನಲ್ಲಿ ಹಿನ್ನೆಲೆ ಒಂದೇ ಇರುತ್ತದೆ, ವಿಡಿಯೋದಲ್ಲಿ ಕ್ಷಣಕ್ಕೊಂದು. ಹಾಗಾಗಿ ಬರಹ ಓದಲು ಆಗುತ್ತದೋ ಇಲ್ಲವೋ ಅಂತ ಚೆಂದದ ದೃಶ್ಯದಲ್ಲಿ ನೋಡಿದರೆ ಸಾಲದು, ಅತಿ ಕೆಟ್ಟ ದೃಶ್ಯದಲ್ಲಿ ನೋಡಬೇಕು.

ಇದಕ್ಕೊಂದು ಅಳತೆ ಇದೆ. ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂತ್ರೀಸಿ (W3C) ಸಂಸ್ಥೆ 2008ರಲ್ಲಿ ತಂದ ಡಬ್ಲ್ಯೂಸಿಎಜಿ (WCAG) 2.0, ಅಂದರೆ ವೆಬ್ ಎಲ್ಲರಿಗೂ ಬಳಸಲು ಆಗುವಂತಿರಬೇಕು ಅನ್ನುವ ಮಾರ್ಗಸೂಚಿ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಕಪ್ಪು ಮೇಲೆ ಬಿಳಿ ಅಂದರೆ 21:1, ಅದಕ್ಕಿಂತ ಮೇಲಿಲ್ಲ. ದೃಶ್ಯದಲ್ಲಿ ಸುಮ್ನೆ ಬಂದು ಹೋಗುವ ಅಂಗಡಿ ಬೋರ್ಡು, ಲೋಗೋಗಳಿಗೆ ಈ ನಿಯಮ ಇಲ್ಲ. 4.5 ಎಲ್ಲಿಂದ ಬಂತು ಅಂದರೆ, ಕಣ್ಣು ಚೆನ್ನಾಗಿರುವವರಿಗೆ 3 ಸಾಕು, ದೃಷ್ಟಿ 6/12ಕ್ಕೆ (ಬೇರೆಯವರಿಗೆ 12 ಮೀಟರಿನಿಂದ ಕಾಣುವುದು 6 ಮೀಟರಿಗೆ ಬಂದರಷ್ಟೇ ಕಾಣುವಷ್ಟಕ್ಕೆ) ಇಳಿದವರಿಗೆ ಅದರ ಒಂದೂವರೆ ಪಟ್ಟು ಬೇಕು ಅನ್ನುವ ಲೆಕ್ಕದಿಂದ. ಸುಮಾರು 80 ವರ್ಷದವರಲ್ಲಿ ಈ ದೃಷ್ಟಿ ಸಾಮಾನ್ಯ. ನಮ್ಮ ಮನೆಯ ಅಜ್ಜ ಅಜ್ಜಿಯರೇ ಅಲ್ವಾ!

ಬಣ್ಣ ಬೇರೆ ಇದ್ದರೆ ಆಯ್ತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಬಣ್ಣ ಅಲ್ಲ, ಹೊಳಪು. ಅಚ್ಚ ಹಸಿರಿನ ಮೇಲೆ ಅಚ್ಚ ಕೆಂಪು ಎದ್ದು ಕಾಣುವಂತೆ ಅನಿಸಿದರೂ ಅನುಪಾತ 2.9 ಮಾತ್ರ. ಹಳದಿ ಅಕ್ಷರ ಕಪ್ಪಿನ ಮೇಲೆ 19.6, ಬಿಳಿಯ ಮೇಲೆ ಬರೀ 1.07.

ಬಿಸಿಲಂತೂ ಇನ್ನೂ ಕೆಡಿಸುತ್ತದೆ. ಲೆಕ್ಕ ಮಾಡುವಾಗ ಕಪ್ಪಿನ ಹೊಳಪು 0, ಬಿಳಿಯದು 1 ಅಂತ ಇಟ್ಟುಕೊಂಡು ಎರಡೂ ಹೊಳಪಿಗೆ 0.05 ಸೇರಿಸಿ ಆಮೇಲೆ ಭಾಗಿಸುತ್ತಾರೆ, ಅದು ಸ್ಕ್ರೀನಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುವ ಹೊರಗಿನ ಬೆಳಕಿನ ಪಾಲು. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಫೋನ್ ಹಿಡಿದು ನಿಂತಾಗ ಆ ಪಾಲು 0.3 ಆಯ್ತು ಅಂದುಕೊಳ್ಳಿ, 21 ಇದ್ದದ್ದು 4.3ಕ್ಕೆ ಕುಸಿಯುತ್ತದೆ. ಕಪ್ಪು ಬಿಳುಪಿನ ಗತಿಯೇ ಹೀಗಾದರೆ ತೆಳು ಬೂದು ಅಕ್ಷರದಲ್ಲಿ ಮೆಕ್ಕೆಜೋಳದ ದರ ಹಾಕಿದರೆ ರೈತರು ಓದುವುದು ಹೇಗೆ? ಗದ್ದಲದಲ್ಲಿ ದನಿ ಬೇರೆ ಕೇಳಿಸದು, ಕಿವಿ ಕೇಳದವರಿಗಂತೂ ಬರಹವೇ ಎಲ್ಲ.

ಪರಿಹಾರ ಸುಲಭ. ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ. ಆದರೆ ಅರೆಪಾರದರ್ಶಕ ಪಟ್ಟಿ ಅಂತ ಕಪ್ಪನ್ನು 50% ಮಾತ್ರ ಇಟ್ಟುಬಿಡುತ್ತಾರೆ. ಅದರ ಹಿಂದೆ ಪೂರ್ತಿ ಬಿಳಿ ದೃಶ್ಯ ಬಂದರೆ ಬಿಳಿ ಅಕ್ಷರಕ್ಕೆ ಸಿಗುವುದು 3.95, ಅಂದರೆ ಫೇಲು. 60% ಮಾಡಿದರೆ 5.7, ಪಾಸು. ಇಷ್ಟೇ ವ್ಯತ್ಯಾಸ! ಮಾತಿನ ಬರಹವನ್ನು ವಿಡಿಯೋಗೇ ಅಂಟಿಸದೆ ಬೇರೆ ಕ್ಯಾಪ್ಷನ್ ಫೈಲಾಗಿ ಕೊಟ್ಟರೆ ಇನ್ನೂ ಒಳ್ಳೇದು. ಆಗ ಅನೇಕ ಪ್ಲೇಯರುಗಳಲ್ಲಿ ನೋಡುವವರೇ ಅಕ್ಷರದ ಗಾತ್ರ, ಬಣ್ಣ, ಹಿಂದಿನ ಪಟ್ಟಿ ಎಲ್ಲವನ್ನೂ ತಮ್ಮ ಕಣ್ಣಿಗೆ ಹೊಂದುವಂತೆ ಬದಲಾಯಿಸಿಕೊಳ್ಳಬಹುದು.