ತಂತಿ ಕಡಿದರೆ ಕೈಮರ ಬೀಳುತ್ತಿತ್ತೇ?

ಪ್ರಶ್ನೆ: ಬಂಗಾರಪೇಟೆಯಂಥ ಜಂಕ್ಷನ್‌ಗಳಲ್ಲಿ ಹಿಂದೆ ಕೈಮರದ ಸಿಗ್ನಲ್‌ಗಳನ್ನು ತಂತಿಯಿಂದ ಎಳೆದು ಇಳಿಸುತ್ತಿದ್ದರು. ಕೈ ಇಳಿದರೆ ರೈಲು ಬರಬಹುದು ಎಂದರ್ಥ. ಹಾಗಾದರೆ ತಂತಿ ಕಡಿದಾಗ ಕೈ ತಾನಾಗಿ ಬಿದ್ದು, ರೈಲು ಒಳಗೆ ನುಗ್ಗುವ ಅಪಾಯವಿರಲಿಲ್ಲವೇ?

ಉತ್ತರ: ಇರಲಿಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಬಾರಿ ಬಿಡಿಸಿ ಹೇಳುತ್ತೇನೆ.

ಕಲ್ಲು ಕಟ್ಟಿದ ಏತವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗ್ಗ ಜಗ್ಗಿದಷ್ಟು ಹೊತ್ತು ಏತದ ಮರ ಬಾವಿಯ ಕಡೆಗೆ ಬಾಗುತ್ತದೆ. ಕೈಬಿಟ್ಟರೆ ಹಿಂದಿನ ಕಲ್ಲಿನ ಭಾರಕ್ಕೆ ಮೇಲಕ್ಕೇಳುತ್ತದೆ. ಕೈಮರವೂ ಹಾಗೆಯೇ. ಕಂಬದ ಒಂದು ಬದಿಗೆ ಚಾಚಿದ ಕೆಂಪು ಕೈ ನಮಗೆ ಎದ್ದು ಕಾಣುತ್ತದೆ, ಆದರೆ ಇನ್ನೊಂದು ಬದಿಯಲ್ಲಿ ಕೆಂಪು, ಹಸಿರು ಗಾಜು ಕೂಡಿಸಿದ ಎರಕದ ಕಬ್ಬಿಣದ ಚೌಕಟ್ಟು ಆ ಕೈಗಿಂತ ಭಾರವಾಗಿರುತ್ತದೆ. ಸಾಲದ್ದಕ್ಕೆ ಕಂಬದ ಬುಡದ ಹತ್ತಿರ ಒಂದು ತೂಕದ ಗುಂಡೂ ಇರುತ್ತದೆ. ಸಿಗ್ನಲ್ ನಡೆಸುವ ಕೋಣೆಯಾದ ಕ್ಯಾಬಿನ್ನಿನಲ್ಲಿ ಲಿವರ್ ಎಳೆದಾಗ ತಂತಿಯು ಈ ಗುಂಡನ್ನು ಎತ್ತಿ ಹಿಡಿಯುತ್ತದೆ, ಆಗ ಮಾತ್ರ ಕೈ ಇಳಿಯುತ್ತದೆ. ತಂತಿ ಕಡಿದರೆ ಬೀಳುವುದು ಗುಂಡು. ಕೈ ಮೇಲೆದ್ದು ಅಡ್ಡವಾಗಿ ನಿಲ್ಲುತ್ತದೆ. ಅಡ್ಡ ನಿಂತ ಕೈಯೆಂದರೆ ‘ನಿಲ್ಲು’. ಅಂದರೆ ಕೈ ಇಳಿದಿರಬೇಕಾದರೆ ಒಬ್ಬರು ಎಳೆದು ಹಿಡಿದಿರಲೇಬೇಕು. ಇಷ್ಟು ಸರಳವಾದ, ಇಷ್ಟು ನಂಬಿಕೆಗೆ ಅರ್ಹವಾದ ಏರ್ಪಾಡನ್ನು ಜನ ಅಪಾಯಕಾರಿ ಎಂದು ತಿಳಿದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಅಪಾಯವಿದ್ದದ್ದು ಬೇರೆ ಕಡೆ: ಕೈ ಇಳಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುವುದು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್‌ನಲ್ಲಿ, ಕಂಬದ ಸೀಳಿನೊಳಗೆ ಇಳಿದ ಕೈಗಳು ಹಿಮ ಗಟ್ಟಿಯಾಗಿ ಅಲ್ಲೇ ಉಳಿದು, ಎಕ್ಸ್‌ಪ್ರೆಸ್ ಗಾಡಿಯೊಂದು ಕಲ್ಲಿದ್ದಲು ಗಾಡಿಗೆ ಗುದ್ದಿತ್ತು. ಕೋಲಾರದ ಸೀಮೆಯಲ್ಲಿ ಹಿಮವಿಲ್ಲ, ಬಿಸಿಲಿದೆ. ರಾಟೆಗಳ ಮೇಲೆ ನೂರಾರು ಮೀಟರ್ ಹರಿದ ತಂತಿ ಬೇಸಿಗೆಯ ಮಧ್ಯಾಹ್ನ ಹಿಗ್ಗಿ ಸಡಿಲವಾಗುತ್ತದೆ. ಲಿವರ್ ಪೂರ್ತಿ ಎಳೆದರೂ ಕೈ ಅರ್ಧವೇ ಇಳಿಯುತ್ತದೆ. ಆಗ ಬಿಗಿ ಮಾಡಿದ ತಂತಿಯನ್ನು ರಾತ್ರಿ ತಂಪಾದ ಮೇಲೆ ಸಡಿಲಿಸದಿದ್ದರೆ, ಅದು ಕುಗ್ಗಿ, ಕೈ ಪೂರ್ತಿ ಏಳದೆ ಜೋಲುತ್ತದೆ. ಇದಕ್ಕಾಗಿಯೇ ಕ್ಯಾಬಿನ್ನಿನಲ್ಲಿ ತಂತಿ ಸರಿಪಡಿಸುವ ಸಾಧನವಿರುತ್ತಿತ್ತು. ಇದನ್ನೂ ಮೀರಿ ಒಂದು ನಿಯಮವಿದೆ: ಸಿಗ್ನಲ್ ಸರಿಯಾಗಿ ಕಾಣದಿದ್ದರೆ ಚಾಲಕ ಅದನ್ನು ಅತ್ಯಂತ ಕಟ್ಟುನಿಟ್ಟಿನ ಸೂಚನೆಯೆಂದೇ ತಿಳಿಯಬೇಕು.

ಕೈ ಇಳಿದಿದ್ದರೂ ಹಳಿ ಬೇರೆ ಕಡೆಗೆ ತಿರುಗಿದ್ದರೆ? ಅದಕ್ಕೂ ಕಟ್ಟು ಇತ್ತು. ಹಳಿ ತಿರುಗಿಸುವ ಪಾಯಿಂಟ್‌ಗಳಿಗೆ ದೂಡುವುದಕ್ಕೂ ಎಳೆಯುವುದಕ್ಕೂ ಒದಗುವ ಕಬ್ಬಿಣದ ಸರಳುಗಳಿದ್ದವು. ಕಪ್ಪು ಲಿವರ್‌ನಿಂದ ಪಾಯಿಂಟ್ ಕೂಡಿಸಿ, ನೀಲಿ ಲಿವರ್‌ನಿಂದ ಬೀಗ ಹಾಕಿದ ಹೊರತು ಸಿಗ್ನಲ್ಲಿನ ಕೆಂಪು ಲಿವರ್ ಅಲುಗಾಡುತ್ತಲೇ ಇರಲಿಲ್ಲ.

ಯಾರೂ ಕೇಳದಿದ್ದರೂ, ಬಂಗಾರಪೇಟೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಈ ಊರಿನಿಂದ ಚಿನ್ನದ ಗಣಿಗಳತ್ತ 1894ರಲ್ಲಿ ಹಾಕಿದ ಮಾರಿಕುಪ್ಪಂ ಕವಲು, ಬೆಂಗಳೂರು–ಜೋಲಾರಪೇಟೆ ಮಾರ್ಗದಂತೆಯೇ ಬ್ರಾಡ್ ಗೇಜ್. ಪಾಯಿಂಟ್ ಕೂಡಿಸಿದರೆ ಗಾಡಿ ನೇರವಾಗಿ ಗಣಿಯ ಕಡೆಗೆ ಹೊರಳಬಹುದಿತ್ತು. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಕಡೆಗೆ ಆಗ ಇದ್ದ ನ್ಯಾರೋ ಗೇಜ್ ಹಳಿಯ ಅಗಲ 762 ಮಿ.ಮೀ., ಬ್ರಾಡ್ ಗೇಜಿನದು 1,676 ಮಿ.ಮೀ. ಈ ಎರಡರ ನಡುವೆ ಗಾಡಿಯನ್ನು ದಾಟಿಸುವ ಪಾಯಿಂಟ್ ಎಂಬುದು ಇರಲು ಸಾಧ್ಯವಿಲ್ಲ. ಹೀಗಾಗಿ ಒಂದೇ ಹೆಸರಿನ ಜಂಕ್ಷನ್ನಿನಲ್ಲಿ ಒಂದು ಕವಲು ಹಳಿಯಿಂದಲೇ ಕೂಡಿಕೊಂಡಿತ್ತು. ಇನ್ನೊಂದರ ಸರಕು ಮಾತ್ರ ಒಂದು ವ್ಯಾಗನ್‌ನಿಂದ ಇಳಿದು ಇನ್ನೊಂದಕ್ಕೆ ಏರಬೇಕಿತ್ತು, ಪ್ರಯಾಣಿಕರೂ ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು.