ಆಟಿ ಮಳೆಯಲ್ಲಿ ರನ್‌ವೇ ಕಾಣಬೇಕಾದರೆ

ಮಳೆಗಾಲದ ಆಟಿ ತಿಂಗಳ ನಸುಕಿನಲ್ಲಿ ಗಲ್ಫ್‌ನಿಂದ ಬರುವವರನ್ನು ಕರೆತರಲು ಕಾಸರಗೋಡಿನಿಂದ ಹೊರಟವರಿಗೆ ಇದು ಗೊತ್ತು. ತಲಪಾಡಿ ದಾಟಿದರೂ ವೈಪರ್ ನಿಲ್ಲಿಸುವಂತಿಲ್ಲ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ಗುಡ್ಡ ಹತ್ತಿದರೆ ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತದೆ. ಮೋಡದೊಳಗೆ ಸುತ್ತುತ್ತಿದ್ದ ವಿಮಾನದ ಸದ್ದು ದೂರವಾಗುತ್ತದೆ. ಬೆಂಗಳೂರಿಗೆ ಹೋಯಿತಂತೆ ಎಂಬ ಸುದ್ದಿ ಆಮೇಲೆ ಬರುತ್ತದೆ.

ಇಳಿಯುವುದು ಪೈಲಟ್‌ನ ಧೈರ್ಯಕ್ಕೆ ಬಿಟ್ಟ ಮಾತಲ್ಲ. ಉಪಕರಣದ ನೆರವಿನಿಂದ ಇಳಿಯುವುದರಲ್ಲಿ ದರ್ಜೆಗಳಿವೆ. ಮೊದಲ ದರ್ಜೆಯಾದ ಕ್ಯಾಟ್-1 ವ್ಯವಸ್ಥೆಯಲ್ಲಿ 200 ಅಡಿಗೆ ಇಳಿಯುವಷ್ಟರಲ್ಲಿ ದೀಪವೋ ರನ್‌ವೇಯೋ ಕಾಣಲೇಬೇಕು, ರನ್‌ವೇ ಮೇಲೆ ಕನಿಷ್ಠ 550 ಮೀಟರ್ ದೂರ ಕಾಣುವಂತಿರಬೇಕು. ಇಲ್ಲವಾದರೆ ಮತ್ತೆ ಮೇಲೇರಬೇಕು. ಕ್ಯಾಟ್-2ರಲ್ಲಿ ಈ ಮಿತಿ 100 ಅಡಿ, 300 ಮೀಟರ್. ಮಿತಿ ಇಳಿದಷ್ಟೂ ನೆಲದ ದೀಪ ಹೆಚ್ಚಬೇಕು. ಕರೆಂಟು ಹೋದರೆ ರನ್‌ವೇಯ ನಡುಗೆರೆಯ ದೀಪ ಒಂದೇ ಸೆಕೆಂಡಿನಲ್ಲಿ ಮತ್ತೆ ಹೊತ್ತಿಕೊಳ್ಳಬೇಕು.

ವಿಮಾನ ನಿಲ್ದಾಣಗಳ ಅಂತಾರಾಷ್ಟ್ರೀಯ ಮಾನದಂಡ, ಅಂದರೆ ಅನೆಕ್ಸ್ 14, ಅಂಗೀಕಾರವಾದದ್ದು 1951ರಲ್ಲಿ. ಬಜ್ಪೆ ನಿಲ್ದಾಣ ತೆರೆದದ್ದೂ ಅದೇ ವರ್ಷ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. 2010ರ ಮೇ 22ರಂದು ಇಲ್ಲಿ ಇಳಿದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಅವರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರೂ ಬಹಳ. ಅಂದು ಮಂಜಿರಲಿಲ್ಲ. ಆದ್ದರಿಂದಲೋ ಏನೋ, ಆಮೇಲಿನ ಮಾತೆಲ್ಲ ರನ್‌ವೇಯ ಉದ್ದದ ಸುತ್ತಲೇ ತಿರುಗಿತು. ದೀಪದ ಮಾತು ಹಿಂದೆ ಬಿತ್ತು, ಬೀಳಬಾರದಿತ್ತು. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡಿನ ಕರಿಪ್ಪೂರು ನಿಲ್ದಾಣದಲ್ಲಿ ಮಳೆಯ ನಡುವೆ ವಿಮಾನ ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತು. 21 ಜೀವ ಹೋಯಿತು. ತನಿಖೆ ಮುಖ್ಯವಾಗಿ ಬೇರೆ ಕಾರಣ ಹೇಳಿತಾದರೂ, ಮಳೆಗತ್ತಲಲ್ಲಿ ಪೈಲಟ್‌ಗೆ ಏನು ಕಾಣುತ್ತದೆ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತು.

2023ರಲ್ಲಿ ಮಂಗಳೂರಿನ ರನ್‌ವೇಗೆ ಹೊಸ ಡಾಂಬರು ಹಾಕಿದಾಗ ನಡುಗೆರೆಯ ದೀಪಗಳೂ ಬಂದವು. ನೆಲದಲ್ಲೇ ಹುದುಗಿರುವ ಇವುಗಳ ಮೇಲೆ ಚಕ್ರ ಹರಿದರೂ ಏನಾಗದು. ಬಣ್ಣವೇ ಇವುಗಳ ಭಾಷೆ: ಮೊದಲು ಬಿಳಿ, ಕೊನೆಗೆ 900 ಮೀಟರ್ ಇರುವಾಗ ಒಂದು ಬಿಳಿ ಒಂದು ಕೆಂಪು, ಕೊನೆಯ 300 ಮೀಟರ್ ಪೂರಾ ಕೆಂಪು. ಮುಂದೇನೂ ಕಾಣದಿದ್ದರೂ ಎಷ್ಟು ರನ್‌ವೇ ಉಳಿದಿದೆ ಎಂದು ಪೈಲಟ್‌ಗೆ ಗೊತ್ತಾಗುತ್ತದೆ. ಟೇಕಾಫ್‌ಗೂ ಇದೇ ಆಸರೆ.

ಕಷ್ಟ ಇರುವುದು ರನ್‌ವೇಯ ಆಚೆ. ಇಳಿಯುವ ದಾರಿ ತೋರುವ ಅಪ್ರೋಚ್ ದೀಪಸಾಲು, ಮಾನದಂಡದಂತೆ, ರನ್‌ವೇ ಅಂಚಿನಿಂದ 900 ಮೀಟರ್ ಚಾಚಬೇಕು. ಗುಡ್ಡದ ನೆತ್ತಿಯ ನಿಲ್ದಾಣದಲ್ಲಿ ಅಷ್ಟು ದೂರ ಹೋದರೆ ಸಿಗುವುದು ಕಣಿವೆ. ದೀಪಗಳು ಮಟ್ಟಸವಾಗಿ ನಿಲ್ಲಬೇಕಾದರೆ ಕೆಳಗಿನಿಂದ ಕಂಬ ಎಬ್ಬಿಸಬೇಕು, ಆ ಕಂಬಕ್ಕೆ ಜಾಗ ಬೇಕು.