ಬಸ್ಟರ್ ಕೀಟನ್‌ಗೆ ರೈಲಿನ ಹುಚ್ಚು ಎಷ್ಟಿತ್ತು?

ಓದುಗರ ಪ್ರಶ್ನೆ: ಮೂಕಿ ಸಿನಿಮಾ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ವಯಸ್ಸಾದ ಮೇಲೆ ಮನೆಯಲ್ಲಿ ಆಟಿಕೆ ರೈಲು ಓಡಿಸುತ್ತಿದ್ದರಂತೆ, ನಿಜಾನಾ? ಅವರ ಸಿನಿಮಾಗಳಲ್ಲೂ ರೈಲು ಜಾಸ್ತಿ ಕಾಣುತ್ತೆ. ಎರಡಕ್ಕೂ ಏನಾದರೂ ಸಂಬಂಧ ಇದೆಯಾ?

ಖಂಡಿತ ನಿಜ. 1950ರ ದಶಕದಲ್ಲಿ ಪ್ಯಾರಮೌಂಟ್ ಎಂಬ ಸಿನಿಮಾ ಕಂಪನಿ ಕೀಟನ್ ಅವರ ಜೀವನಕಥೆಯ ಹಕ್ಕು ಕೊಂಡುಕೊಂಡಿತು. ಆ ದುಡ್ಡಲ್ಲಿ ಅವರು ಲಾಸ್ ಏಂಜಲೀಸ್ ಹತ್ತಿರದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ ತಗೊಂಡರು. ಹೆಂಡತಿ ಎಲೀನರ್ ಜೊತೆ ಕೊನೆಯವರೆಗೂ ಇದ್ದದ್ದು ಅಲ್ಲೇ. ಆ ಮನೆಯಲ್ಲಿ ಕೀಟನ್ ಹಳಿ ಹಾಕಿ ಪುಟ್ಟ ರೈಲು ಓಡಿಸುತ್ತಿದ್ದರು. ಮನೆಗೆ ಬಂದವರಿಗೆ ತಿಂಡಿ, ತಂಪು ಪಾನೀಯ ತಂದುಕೊಡುತ್ತಿದ್ದದ್ದು ಅದೇ ರೈಲು.

ಇನ್ನೊಂದು ವಿಷಯ ಕೇಳಿ. ಇದೇ ಕೆಲಸವನ್ನು ಅವರು ಮೂವತ್ತು ವರ್ಷಕ್ಕೂ ಮೊದಲೇ ಸಿನಿಮಾದಲ್ಲಿ ಮಾಡಿ ತೋರಿಸಿದ್ದರು. 1922ರ 'ದಿ ಎಲೆಕ್ಟ್ರಿಕ್ ಹೌಸ್' ಎಂಬ ಕಿರುಚಿತ್ರದಲ್ಲಿ ನಾಯಕ ಓದಿದ್ದು ಸಸ್ಯಶಾಸ್ತ್ರ. ಸರ್ಟಿಫಿಕೇಟ್ ಅದಲುಬದಲಾಗಿ ಅವನನ್ನು ಎಲ್ಲರೂ ಎಲೆಕ್ಟ್ರಿಕಲ್ ಇಂಜಿನಿಯರ್ ಅಂದುಕೊಳ್ಳುತ್ತಾರೆ. ಅವನು ಒಬ್ಬ ಸಾಹುಕಾರನ ಮನೆಗೆ ಪೂರ್ತಿ ಕರೆಂಟಿನ ವ್ಯವಸ್ಥೆ ಮಾಡಿಕೊಡುತ್ತಾನೆ. ಅಲ್ಲಿ ಅಡುಗೆಮನೆಯಿಂದ ಊಟದ ಮೇಜಿನವರೆಗೆ ಹಳಿ ಇದೆ, ಬಡಿಸೋದು ಪುಟ್ಟ ರೈಲು. ಅಸಲಿ ಇಂಜಿನಿಯರ್ ಹೊಟ್ಟೆಕಿಚ್ಚಿಗೆ ವೈರುಗಳನ್ನೆಲ್ಲ ಬದಲಾಯಿಸಿದ ಮೇಲೆ ಮನೆಯ ಅವಸ್ಥೆ ಏನಾಗುತ್ತದೆ ಅನ್ನೋದನ್ನು ನೋಡಿಯೇ ನಗಬೇಕು. ಇದೇ ಚಿತ್ರವನ್ನು ಮೊದಲ ಸಲ ತೆಗೆಯುವಾಗ ಎಸ್ಕಲೇಟರ್‌ಗೆ ಬೂಟು ಸಿಕ್ಕಿಕೊಂಡು ಕೀಟನ್ ಕಾಲು ಮುರಿದಿತ್ತು. ಹಾಗಾಗಿ ಕೆಲಸ ನಿಲ್ಲಿಸಿ ಆಮೇಲೆ ಹೊಸದಾಗಿ ತೆಗೆದರು.

ರೈಲು ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು. 1895ರಲ್ಲಿ ಕಾನ್ಸಸ್‌ನ ಪಿಕ್ವಾ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ಅಪ್ಪ ಅಮ್ಮ ರೈಲಿನಲ್ಲಿ ಊರೂರು ತಿರುಗುವ ಕಲಾವಿದರು, ಮಗುವೂ ಬಹಳ ಬೇಗ ವೇದಿಕೆ ಹತ್ತಿತು. ಸಿನಿಮಾಕ್ಕೆ ಬರದೇ ಇದ್ದಿದ್ದರೆ ಈ ಮನುಷ್ಯ ಒಳ್ಳೆಯ ಇಂಜಿನಿಯರ್ ಆಗುತ್ತಿದ್ದರು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ರೈಲಿನಿಂದ ನಗು ಹೇಗೆ ಬರುತ್ತದೆ ಅನ್ನೋದು ಗೊತ್ತಾದರೆ ನೀವು ಕೇಳಿದ ಸಂಬಂಧವೂ ಅರ್ಥ ಆಗುತ್ತದೆ. ರೈಲು ಹಳಿ ಬಿಟ್ಟು ಆ ಕಡೆ ಈ ಕಡೆ ಹೋಗಲ್ಲ, ಕೂಗಿದ ತಕ್ಷಣ ನಿಲ್ಲಲ್ಲ. ಅದರ ಜೊತೆ ಚೌಕಾಸಿ ನಡೆಯಲ್ಲ. ಮನುಷ್ಯನೇ ಅದರ ಲೆಕ್ಕಕ್ಕೆ ಹೊಂದಿಕೊಳ್ಳಬೇಕು. ಕೀಟನ್ ಹಾಸ್ಯದ ಗುಟ್ಟು ಇರೋದು ಇಲ್ಲೇ. ಇಷ್ಟು ತೂಕ, ಇಷ್ಟು ವೇಗ, ಇಷ್ಟು ಹೊತ್ತು ಅಂತ ಲೆಕ್ಕ ಹಾಕಿ, ಆ ಲೆಕ್ಕದೊಳಗೆ ಒಬ್ಬ ಪುಟ್ಟ ಮನುಷ್ಯನನ್ನು ನಿಲ್ಲಿಸುತ್ತಾರೆ. ಅವನ ಮುಖದಲ್ಲಿ ನಗುವಿನ ಸುಳಿವೂ ಇರಲ್ಲ.

1926ರ 'ದಿ ಜನರಲ್' ನೋಡಿ. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಹೊತ್ತಲ್ಲಿ ಉತ್ತರದ ರಾಜ್ಯಗಳ ಕಡೆಯವರು ದಕ್ಷಿಣದ ಜಾರ್ಜಿಯಾದಲ್ಲಿ ನಿಜವಾಗಲೂ ಒಂದು ರೈಲು ಇಂಜಿನ್ ಕದ್ದು ಓಡಿದ್ದರು. ಅದೇ ಘಟನೆ ಈ ಚಿತ್ರಕ್ಕೆ ಆಧಾರ. ನಾಯಕ ದಕ್ಷಿಣದ ಕಡೆಯ ಇಂಜಿನ್ ಡ್ರೈವರ್. ಸೈನ್ಯಕ್ಕೆ ಸೇರಲಿಲ್ಲ ಅಂತ ಪ್ರೀತಿಸಿದ ಹುಡುಗಿ ಮಾತು ಬಿಟ್ಟಿದ್ದಾಳೆ. ಬೇಜಾರಲ್ಲಿ ಅವನು ಇಂಜಿನ್ ಪಕ್ಕ, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉದ್ದನೆಯ ಕಬ್ಬಿಣದ ರಾಡಿನ ಮೇಲೆ ಕೂತುಕೊಳ್ಳುತ್ತಾನೆ. ಇಂಜಿನ್ ಮೆಲ್ಲಗೆ ಹೊರಡುತ್ತದೆ. ರಾಡು ಅವನನ್ನು ಮೇಲೆತ್ತಿ ಕೆಳಗಿಳಿಸುತ್ತದೆ, ಮತ್ತೆ ಮೇಲೆತ್ತುತ್ತದೆ. ಅವನಿಗೆ ಗೊತ್ತೇ ಆಗಲ್ಲ. ನೋಡಲು ಎಷ್ಟು ಹಗುರ ಅಲ್ವಾ? ಆದರೆ ಹಬೆ ಸ್ವಲ್ಪ ಜಾಸ್ತಿ ಬಿಟ್ಟಿದ್ದರೂ ಚಕ್ರ ಗಿರ್ರನೆ ತಿರುಗಿ, ರಾಡು ಕೀಟನ್ ಅವರನ್ನು ಎತ್ತಿ ಬಿಸಾಕುತ್ತಿತ್ತು. ಜೀವ ಉಳಿಯುವುದು ಕಷ್ಟವಿತ್ತು.

ಅದೇ ಚಿತ್ರದಲ್ಲಿ ಅವನ ಇಂಜಿನ್ ಕದ್ದ ಶತ್ರುಗಳು, ಇನ್ನೊಂದು ಇಂಜಿನ್ನಿನಲ್ಲಿ ಬೆನ್ನಟ್ಟುವ ಅವನನ್ನು ತಡೆಯಲು ಹಳಿ ಮೇಲೆ ಮರದ ದಿಮ್ಮಿ ಬೀಳಿಸುತ್ತಾ ಹೋಗುತ್ತಾರೆ. ನಾಯಕ ಒಂದು ದಿಮ್ಮಿ ಎತ್ತಿಕೊಳ್ಳುವಷ್ಟರಲ್ಲಿ ಇಂಜಿನ್ ಬಂದು ಅವನನ್ನು ಮುಂದಿನ ಜಾಲರಿ ಮೇಲೆ ಕೂರಿಸಿಕೊಳ್ಳುತ್ತದೆ. ಎದುರಿಗೆ ಇನ್ನೊಂದು ದಿಮ್ಮಿ ಅಡ್ಡ ಬಿದ್ದಿದೆ. ಕೈಯಲ್ಲಿರುವುದನ್ನು ಅದರ ತುದಿಗೆ ಗುರಿಯಿಟ್ಟು ಎಸೆಯುತ್ತಾನೆ, ಎರಡೂ ಹಾರಿ ಆಚೆ ಬೀಳುತ್ತವೆ. ಅಲ್ಲಿ ಓಡುತ್ತಿರುವುದು ನಿಜವಾದ ಇಂಜಿನ್. ಆ ಎಸೆತ ನೋಡುವಾಗ ಈಗಲೂ ನನ್ನ ಉಸಿರು ನಿಲ್ಲುತ್ತದೆ.

ಆರೆಗಾನ್‌ನ ಕಾಟೇಜ್ ಗ್ರೋವ್ ಹತ್ತಿರ ಉರಿಯುವ ಸೇತುವೆ ಮೇಲಿಂದ ಅಸಲಿ ಇಂಜಿನ್ನನ್ನೇ ನದಿಗೆ ಬೀಳಿಸಿದ್ದೂ ಇದೇ ಚಿತ್ರಕ್ಕಾಗಿ. ಅದರ ಅವಶೇಷ ಎರಡನೇ ಮಹಾಯುದ್ಧದವರೆಗೂ ನೀರಲ್ಲೇ ಇತ್ತು, ಆಮೇಲೆ ಗುಜರಿಗೆ ಹೋಯಿತು. ಇಷ್ಟೆಲ್ಲ ಮಾಡಿದ ಚಿತ್ರ ಆಗ ದುಡ್ಡು ಮಾಡಲಿಲ್ಲ. 1928ರಲ್ಲಿ ಕೀಟನ್ ಎಂಜಿಎಂ ಸ್ಟುಡಿಯೋ ಸೇರಿದರು, ತಮ್ಮಿಷ್ಟದಂತೆ ಚಿತ್ರ ಮಾಡುವ ಸ್ವಾತಂತ್ರ್ಯ ಕಳೆದುಕೊಂಡರು. ಆ ನಷ್ಟ ನೆನೆದರೆ ಸಂಕಟ ಆಗುತ್ತದೆ.

ನನಗೆ ಇನ್ನೂ ಹತ್ತಿರವಾದದ್ದು 1923ರ 'ಅವರ್ ಹಾಸ್ಪಿಟಾಲಿಟಿ'. ಅದಕ್ಕಾಗಿ ಇಂಗ್ಲೆಂಡಿನ ಸ್ಟೀಫನ್‌ಸನ್ ಅವರ, ರೈಲಿನ ಆರಂಭಕಾಲದ 'ರಾಕೆಟ್' ಇಂಜಿನ್ನಿನ ಪ್ರತಿಕೃತಿಯನ್ನೇ ಕಟ್ಟಿಸಿದರು. ಅದರ ಡ್ರೈವರ್ ಪಾತ್ರದಲ್ಲಿ ಕೀಟನ್ ಅವರ ಅಪ್ಪ ಜೋ ಇದ್ದಾರೆ. ಹಳಿ ಪಕ್ಕ ಒಂದು ಕತ್ತೆ ಅಡ್ಡ ನಿಂತಿದೆ, ಏನು ಮಾಡಿದರೂ ಜರುಗಲ್ಲ. ಕೊನೆಗೆ ಕತ್ತೆಯನ್ನು ಬಿಟ್ಟು ಹಳಿಯನ್ನೇ ಪಕ್ಕಕ್ಕೆ ಎಳೆದು ರೈಲು ಬಿಡುತ್ತಾರೆ! ಕೋಣೆಯಲ್ಲಿ ಆಟಿಕೆ ಹಳಿ ಜೋಡಿಸಿ ಆಡಿದ ಯಾವ ಮಗುವಿಗಾದರೂ ಈ ಉಪಾಯ ಥಟ್ಟನೆ ಅರ್ಥ ಆಗುತ್ತದೆ. ನೀವು ಕೇಳಿದ ಸಂಬಂಧ ನನಗೆ ಅತಿ ಸ್ಪಷ್ಟವಾಗಿ ಕಾಣೋದು ಈ ದೃಶ್ಯದಲ್ಲಿ.

ಕೊನೆಗಾಲದಲ್ಲೂ ರೈಲು ಅವರನ್ನು ಬಿಡಲಿಲ್ಲ. ಎಪ್ಪತ್ತರ ಹತ್ತಿರ ಇದ್ದಾಗ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ 'ದಿ ರೈಲ್‌ರಾಡರ್' ಮಾಡಿದರು. ಹಳಿ ರಿಪೇರಿಯವರು ಬಳಸುವಂಥ ಪುಟ್ಟ ಮೋಟಾರು ಟ್ರಾಲಿಯಲ್ಲಿ ಇಡೀ ಕೆನಡಾ ದಾಟುವ ಕಥೆ. ಟ್ರಾಲಿಯ ಪೆಟ್ಟಿಗೆಯಿಂದ ಟೀ ಪಾತ್ರೆಗಳೂ ಹೊರಬರುತ್ತವೆ. ಒಬ್ಬರೂ ಮಾತಾಡಲ್ಲ, ಬಣ್ಣದ ಚಿತ್ರ ಅನ್ನೋದು ಬಿಟ್ಟರೆ ಅದೇ ಹಳೇ ಕೀಟನ್. ಆ ಚಿತ್ರೀಕರಣದ ಬಗ್ಗೆಯೇ ಇರುವ ಸಾಕ್ಷ್ಯಚಿತ್ರದಲ್ಲಿ ಒಂದು ಜಗಳ ಇದೆ. ದೊಡ್ಡ ನಕಾಶೆ ಮೈಗೆಲ್ಲ ಸುತ್ತಿಕೊಂಡು ಎತ್ತರದ ಸೇತುವೆ ದಾಟುತ್ತೇನೆ ಅಂತ ಅವರ ಹಟ, ಅಪಾಯ ಬೇಡ ಅಂತ ನಿರ್ದೇಶಕ ಜೆರಾಲ್ಡ್ ಪಾಟರ್ಟನ್. ದೃಶ್ಯ ಕೊನೆಗೆ ಕೀಟನ್ ಹೇಳಿದ ಹಾಗೇ ಬಂತು. 1965ರಲ್ಲಿ ಆ ಚಿತ್ರ ಬಿಡುಗಡೆ ಆಯಿತು, 1966ರ ಫೆಬ್ರವರಿ 1ರಂದು ಅವರು ತೀರಿಕೊಂಡರು.

ಎಲ್ಲಿಂದ ಶುರು ಮಾಡಲಿ ಅಂದರೆ, 'ದಿ ಜನರಲ್' ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಮೊದಲು 'ದಿ ಎಲೆಕ್ಟ್ರಿಕ್ ಹೌಸ್' ಹಾಕಿ, ಇಪ್ಪತ್ತೈದು ನಿಮಿಷದೊಳಗೆ ಮುಗಿಯುತ್ತದೆ.